ಡಿಸ್ಕಿನಲ್ಲಿ ಉಳಿದ ಟೀವಿ: ಏನು ನೋಡಬೇಕು, ಹೇಗೆ ನೋಡಬೇಕು

ನಮ್ಮ ಹಾಸ್ಟೆಲಿನ ಸೀನಿಯರ್ ಒಬ್ಬರು ಕೋರ್ಸ್ ಮುಗಿಸಿ ಹೋಗುವಾಗ ಒಂದು ರಟ್ಟಿನ ಡಬ್ಬ ನಮಗೆ ಬಿಟ್ಟು ಹೋದರು. ಬಕೆಟ್ಟು, ಹಳೇ ಡ್ರಾಫ್ಟರ್, ಎಕ್ಸ್‌ಟೆನ್ಷನ್ ಬೋರ್ಡು, ಇವುಗಳ ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಡೀವೀಡಿಗಳಿದ್ದವು. ನಮ್ಮ ರೂಮಿನ ಮೂರು ಲ್ಯಾಪ್‌ಟಾಪಿನಲ್ಲಿ ಒಂದಕ್ಕೂ ಡಿಸ್ಕ್ ಹಾಕೋ ಜಾಗ ಇಲ್ಲ. ‘ಊರಲ್ಲಿ ಗದ್ದೆಗೆ ಹಕ್ಕಿ ಬರದ ಹಾಗೆ ಕಟ್ಟಬಹುದು ಅಷ್ಟೆ’ ಅಂದ ರೂಮ್‌ಮೇಟ್. ಆದರೂ ಮನಸ್ಸು ತಡೀಲಿಲ್ಲ. ಎಸ್.ಪಿ. ರೋಡಿಗೆ ಹೋಗಿ ಒಂದು ಯುಎಸ್‌ಬಿ ಡ್ರೈವ್ ತಂದ್ವಿ. ಮೂರನೇ ಸೆಮಿಸ್ಟರಿನ ಶನಿವಾರಗಳೆಲ್ಲ ಅದರಲ್ಲೇ ಕಳೆದವು.

ಮೊಬೈಲಲ್ಲೇ ಎಲ್ಲ ಸಿಗುವಾಗ ಡಿಸ್ಕ್ ಯಾಕೆ ಅಂತ ನೀವು ಕೇಳಬಹುದು. ನಾವೂ ಕೇಳಿಕೊಂಡ್ವಿ. ಉತ್ತರ ಸಿಕ್ಕಿದ್ದು ನೋಡ್ತಾ ನೋಡ್ತಾ. ಈ ಲೇಖನದಲ್ಲಿ ನಾವು ನೋಡಿದ ನಾಲ್ಕು ಧಾರಾವಾಹಿಗಳ ಬಗ್ಗೆ ಹೇಳ್ತೀವಿ. ಅವು ಯಾಕೆ ಚೆನ್ನಾಗಿವೆ ಅನ್ನೋದರ ಜೊತೆಗೆ ಅವು ಹೇಗೆ ಉಳಿದವು ಅನ್ನೋದನ್ನೂ ಹೇಳ್ತೀವಿ. ಎರಡನೆಯದು ಗೊತ್ತಾದ ಮೇಲೆ ಮೊದಲನೆಯದರ ಬೆಲೆ ಹೆಚ್ಚಾಗತ್ತೆ. ನಾವು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿ, ಬಯ್ಯಬೇಡಿ.

1. ಲೂಸಿ: ಫಿಲ್ಮಿನಲ್ಲಿ ತೆಗೆದದ್ದರಿಂದ ಉಳಿದದ್ದು

ಮೊದಲು ಹಾಕಿದ್ದು ‘ಐ ಲವ್ ಲೂಸಿ’. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1951ರಿಂದ 1957ರವರೆಗೆ ಬಂದ ಹಾಸ್ಯ ಧಾರಾವಾಹಿ. ಲೂಸಿಲ್ ಬಾಲ್ ಮತ್ತು ಅವರ ಗಂಡ ಡೆಸಿ ಅರ್ನಾಜ್ ಅದರಲ್ಲೂ ಗಂಡ ಹೆಂಡತಿಯೇ. ಎಪ್ಪತ್ತು ವರ್ಷ ಹಳೆಯ ಕಪ್ಪು ಬಿಳುಪು ಟೀವಿ ಅಂದಾಗ ಮಳೆ ಸುರಿದ ಹಾಗೆ ಗೀರು ಬಿದ್ದ ಚಿತ್ರ ಇರತ್ತೆ ಅಂದುಕೊಂಡಿದ್ವಿ. ನೋಡಿದರೆ ಲೂಸಿಯ ಕಣ್ಣಿನ ರೆಪ್ಪೆ ಕೂಡ ಎಣಿಸಬಹುದು!

ಕಾರಣ ಹೀಗಿದೆ. ಆಗ ಅಮೆರಿಕದ ಬಹುಪಾಲು ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರ ಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗೆ ಕಳಿಸಬೇಕಾದರೆ ಟೀವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಚಿತ್ರ ತೆಗೆಯುತ್ತಿದ್ದರು. ಅದಕ್ಕೆ ಕಿನೆಸ್ಕೋಪ್ ಅಂತ ಹೆಸರು. ಪರೀಕ್ಷೆಯ ಹಿಂದಿನ ರಾತ್ರಿ ಒಬ್ಬರ ಸ್ಕ್ರೀನಿನ ಫೋಟೋ ಇನ್ನೊಬ್ಬರು ತೆಗೆದು ವಾಟ್ಸಾಪಲ್ಲಿ ಕಳಿಸಿದ ನೋಟ್ಸ್ ಹೇಗಿರತ್ತೆ, ಹಾಗೆ ಇರುತ್ತಿತ್ತು ಗುಣಮಟ್ಟ. ಬಾಲ್ ದಂಪತಿಗೆ ಲಾಸ್ ಏಂಜಲೀಸ್ ಬಿಟ್ಟು ಹೋಗಲು ಇಷ್ಟವಿರಲಿಲ್ಲ. ವಾಹಿನಿಗೆ ಮಸುಕು ಚಿತ್ರ ಬೇಡವಾಗಿತ್ತು. ಕೊನೆಗೆ ಪ್ರೇಕ್ಷಕರ ಎದುರಿಗೇ ನಾಟಕದ ಹಾಗೆ ಆಡಿ, ಮೂರು ಕ್ಯಾಮೆರಾಗಳಲ್ಲಿ ಒಟ್ಟಿಗೆ, ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆಯೋದು ಅಂತಾಯ್ತು. ‘ಮೆಟ್ರೊಪೊಲಿಸ್’ ಸಿನಿಮಾಕ್ಕೆ ಕೆಲಸ ಮಾಡಿದ್ದ ಕಾರ್ಲ್ ಫ್ರಾಯ್ಂಡ್ ಛಾಯಾಗ್ರಹಣ ನೋಡಿಕೊಂಡರು. ಫಿಲ್ಮ್ ಖರ್ಚು ಜಾಸ್ತಿ. ದಂಪತಿ ತಮ್ಮ ಸಂಬಳ ಕಡಿಮೆ ಮಾಡಿಕೊಂಡು, ಬದಲಿಗೆ ಆ ಫಿಲ್ಮುಗಳ ಮಾಲೀಕತ್ವ ಕೇಳಿ ಪಡೆದರು. ಒಂದು ಸಲ ಪ್ರಸಾರವಾದ ಕಾರ್ಯಕ್ರಮಕ್ಕೆ ಆಮೇಲೆ ಬೆಲೆಯೇ ಇಲ್ಲ ಅಂತ ಹೆಚ್ಚಿನವರು ನಂಬಿದ್ದ ಕಾಲ ಅದು. ಇವರು ನಂಬಲಿಲ್ಲ. ಅದೇ ಫಿಲ್ಮಿನಿಂದ ಇವತ್ತು ಡೀವೀಡಿ, ಬ್ಲೂರೇ ಎರಡೂ ಬಂದಿವೆ.

ನೋಡಲೇಬೇಕಾದ ಕಂತು 1952ರ ‘ಜಾಬ್ ಸ್ವಿಚಿಂಗ್’. ಲೂಸಿ ಮತ್ತು ಗೆಳತಿ ಎಥೆಲ್ ಚಾಕೊಲೇಟ್ ಕಾರ್ಖಾನೆಗೆ ಸೇರ್ತಾರೆ. ಬೆಲ್ಟಿನ ಮೇಲೆ ಬರುವ ಒಂದೊಂದಕ್ಕೂ ಕಾಗದ ಸುತ್ತಬೇಕು, ಒಂದು ತಪ್ಪಿದರೂ ಕೆಲಸ ಹೋಗತ್ತೆ. ಬೆಲ್ಟ್ ವೇಗವಾದ ಹಾಗೆ ಇಬ್ಬರೂ ಉಳಿದದ್ದನ್ನೆಲ್ಲ ಬಾಯಿಗೆ, ಟೋಪಿಗೆ, ಅಂಗಿಗೆ ತುರುಕಿಕೊಳ್ತಾರೆ. ಮೇಲ್ವಿಚಾರಕಿ ಬಂದು ನೋಡಿದರೆ ಬೆಲ್ಟ್ ಖಾಲಿ. ಭೇಷ್, ಚೆನ್ನಾಗಿ ಮಾಡ್ತಿದ್ದಾರೆ ಅಂದುಕೊಂಡು ಬೆಲ್ಟ್ ಇನ್ನೂ ಜೋರಾಗಿ ಓಡಿಸು ಅಂತಾಳೆ. ನಾವು ನಕ್ಕು ನಕ್ಕು ಮಂಚದಿಂದ ಬಿದ್ದದ್ದು ನಿಜ. ಆಮೇಲೆ ಯೋಚಿಸಿದರೆ ಇದು ಕಂಟ್ರೋಲ್ ಸಿಸ್ಟಮ್ಸ್ ಪಾಠ. ವ್ಯವಸ್ಥೆಗೆ ಸುಳ್ಳು ಫೀಡ್‌ಬ್ಯಾಕ್ ಕೊಟ್ಟರೆ ಅದು ತಪ್ಪು ದಿಕ್ಕಿನಲ್ಲಿ ತಿದ್ದಿಕೊಳ್ಳತ್ತೆ. ಇದನ್ನು ಸ್ವಲ್ಪ ನೆನಪಿಡಿ, ಮೂರನೇ ಧಾರಾವಾಹಿಯಲ್ಲಿ ಮತ್ತೆ ಬರತ್ತೆ.

2. ಅಳಿಸಿ ಹೋದವು, ಮತ್ತು ಹನ್ನೆರಡೇ ಕಂತಿನ ಹೋಟೆಲ್

ಇಂಗ್ಲೆಂಡಿನಲ್ಲಿ ಕಥೆ ಉಲ್ಟಾ. ಬಿಬಿಸಿ 1960ರ ದಶಕದಲ್ಲಿ ಹೆಚ್ಚಾಗಿ ವಿಡಿಯೋ ಟೇಪಿನಲ್ಲಿ ಧ್ವನಿಮುದ್ರಣ, ಚಿತ್ರಮುದ್ರಣ ಮಾಡುತ್ತಿತ್ತು. ಟೇಪು ದುಬಾರಿ, ಆದರೆ ಅಳಿಸಿ ಮತ್ತೆ ಬಳಸಬಹುದು. ಕಲಾವಿದರ ಒಪ್ಪಂದಗಳಿಂದಾಗಿ ಮರುಪ್ರಸಾರ ಮಾಡೋದಕ್ಕೂ ಮಿತಿ ಇತ್ತು. ಮನೆಗೆ ಕೊಂಡು ಹೋಗಿ ನೋಡುವ ವಿಡಿಯೋ ಅನ್ನೋ ಕಲ್ಪನೆಯೇ ಇರಲಿಲ್ಲ. ಬಣ್ಣದ ಟೀವಿ ಬಂದ ಮೇಲೆ ಕಪ್ಪು ಬಿಳುಪು ಯಾರಿಗೆ ಬೇಕು? ಹೀಗೆ ನೂರಾರು ಕಾರ್ಯಕ್ರಮಗಳು ಅಳಿದವು. ‘ಡ್ಯಾಡ್ಸ್ ಆರ್ಮಿ’ ಅನ್ನೋ ಜನಪ್ರಿಯ ಹಾಸ್ಯ ಧಾರಾವಾಹಿಯ 1969ರ ಎರಡನೇ ಸರಣಿಯಲ್ಲಿ ಮೂರು ಕಂತು ಇವತ್ತಿಗೂ ಇಲ್ಲ. ಅದೇ ಸರಣಿಯ ಇನ್ನೆರಡು ಕಂತು ಕಳೆದೇ ಹೋಗಿವೆ ಅಂದುಕೊಂಡಿದ್ದಾಗ 2001ರಲ್ಲಿ ಸಿಕ್ಕವು. ‘ಡಾಕ್ಟರ್ ಹೂ’ ಧಾರಾವಾಹಿಯ ಎಷ್ಟೋ ಕಂತುಗಳ ಚಿತ್ರ ಇಲ್ಲ, ಧ್ವನಿ ಮಾತ್ರ ಇದೆ. ಅದೂ ಯಾಕೆ ಇದೆ ಗೊತ್ತಾ? ಆಗಿನ ಅಭಿಮಾನಿಗಳು ಮನೆಯಲ್ಲಿ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಿಡಿದಿಟ್ಟಿದ್ದರು. ಅಷ್ಟು ದೊಡ್ಡ ಸಂಸ್ಥೆ ಉಳಿಸದೇ ಇದ್ದದ್ದನ್ನು ಮನೆಯವರು ಉಳಿಸಿದರು.

ಬಿಬಿಸಿ ತನ್ನ ಪದ್ಧತಿ ಬದಲಿಸಿ ಎಲ್ಲವನ್ನೂ ಜೋಪಾನ ಮಾಡಲು ಶುರು ಮಾಡಿದ್ದು 1978ರ ಹೊತ್ತಿಗೆ. ಅದೃಷ್ಟಕ್ಕೆ ‘ಫಾಲ್ಟಿ ಟವರ್ಸ್’ ಪೂರ್ತಿ ಉಳಿದಿದೆ. 1975ರಲ್ಲಿ ಆರು ಕಂತು, 1979ರಲ್ಲಿ ಆರು ಕಂತು, ಒಟ್ಟು ಹನ್ನೆರಡು. ಮುಗೀತು. ವರ್ಷಗಟ್ಟಲೆ ಎಳೆಯೋ ಧಾರಾವಾಹಿಗಳನ್ನು ಕಂಡ ನಮಗೆ ಇದೇ ದೊಡ್ಡ ಆಶ್ಚರ್ಯ. ಬರೆದವರು ಜಾನ್ ಕ್ಲೀಸ್ ಮತ್ತು ಕಾನಿ ಬೂತ್. ಟಾರ್ಕೀ ಎಂಬ ಸಮುದ್ರ ತೀರದ ಊರಿನಲ್ಲಿ ಹೋಟೆಲ್ ನಡೆಸುವ ಬ್ಯಾಸಿಲ್‌ಗೆ ಗಿರಾಕಿಗಳನ್ನು ಕಂಡರೇ ಆಗಲ್ಲ. ದೊಡ್ಡ ಮನುಷ್ಯರು ಬಂದರೆ ಮಾತ್ರ ನಡು ಬಗ್ಗತ್ತೆ.

ಸಿವಿಲ್‌ನವರು ‘ದಿ ಬಿಲ್ಡರ್ಸ್’ ಕಂತಿನಿಂದ ಶುರು ಮಾಡಿ. ಬ್ಯಾಸಿಲ್ ನಾಲ್ಕು ಕಾಸು ಉಳಿಸಲು ಹೆಂಡತಿಗೆ ಹೇಳದೆ ಅಗ್ಗದ ಕಂಟ್ರಾಕ್ಟರನ್ನು ಕರೆಸ್ತಾನೆ. ಮೇಲ್ವಿಚಾರಣೆ ಇಲ್ಲದೆ ಅವನ ಆಳುಗಳು ಊಟದ ಹಾಲಿನ ಬಾಗಿಲನ್ನೇ ಮುಚ್ಚಿಬಿಡ್ತಾರೆ. ಕೊನೆಗೆ ಹೇಗೋ ಸರಿಯಾಯ್ತು ಅನ್ನುವಾಗ ಇನ್ನೊಬ್ಬ ಬಿಲ್ಡರ್ ಬಂದು, ಈ ಗೋಡೆಗೆ ಯಾವ ಲಿಂಟಲ್ ಹಾಕಿದ್ದೀರಿ ಅಂತ ಕೇಳ್ತಾನೆ. ಭಾರ ಹೊರುವ ಗೋಡೆಗೆ ಮರದ ಲಿಂಟಲ್! ಬೇರೆಯವರಿಗೆ ಅದು ಬರೀ ಮಾತು. ನಮ್ಮ ಸಿವಿಲ್ ಗೆಳೆಯ ಮಾತ್ರ ‘ಅಯ್ಯೋ’ ಅಂತ ತಲೆ ಹಿಡ್ಕೊಂಡ.

ಈ ಧಾರಾವಾಹಿ ನೋಡುವಾಗ ಒಂದು ಸಣ್ಣ ಪ್ರಯೋಗ ಮಾಡಿ. ಪಾತ್ರಗಳು ಹೋಟೆಲಿನಿಂದ ಹೊರಗೆ ಕಾಲಿಟ್ಟ ಕೂಡಲೇ ಚಿತ್ರದ ರೀತಿಯೇ ಬದಲಾಗತ್ತೆ. ಒಳಗಿನ ದೃಶ್ಯಗಳು ಸ್ಟುಡಿಯೋದಲ್ಲಿ ಟೇಪಿನ ಮೇಲೆ ತೆಗೆದವು, ಸೆಕೆಂಡಿಗೆ 50 ಫೀಲ್ಡ್. ಚಲನೆ ನುಣುಪಾಗಿರತ್ತೆ. ಹೊರಗಿನವು 16 ಮಿಲಿಮೀಟರ್ ಫಿಲ್ಮ್, ಸ್ವಲ್ಪ ಕಾಳು ಕಾಳು. ಆ ಕಾಲದ ಬ್ರಿಟಿಷ್ ಟೀವಿಯಲ್ಲಿ ಇದೇ ವಾಡಿಕೆ. ಒಮ್ಮೆ ಗುರುತಿಸಿದರೆ ಆಮೇಲೆ ಕಣ್ಣಿಗೆ ಬೀಳದೇ ಇರಲ್ಲ.

3. ಚೆರ್ನೋಬಿಲ್: ಮೀಟರ್ ಹೇಳಿದ್ದು, ಹೇಳದೇ ಇದ್ದದ್ದು

ಡಬ್ಬದಲ್ಲಿ ಹೊಸದು ಅಂದರೆ ಇದೊಂದೇ. 2019ರ ಐದು ಕಂತಿನ ಗಂಭೀರ ಧಾರಾವಾಹಿ. ಬರೆದವರು ಕ್ರೇಗ್ ಮೇಝಿನ್, ನಿರ್ದೇಶನ ಯೋಹಾನ್ ರೆಂಕ್. 1986ರ ಏಪ್ರಿಲ್ 26ರಂದು ಸೋವಿಯತ್ ಉಕ್ರೇನಿನ ಚೆರ್ನೋಬಿಲ್ ಸ್ಥಾವರದ ನಾಲ್ಕನೇ ರಿಯಾಕ್ಟರ್ ಸ್ಫೋಟಿಸಿದ ಕಥೆ.

ಇಲ್ಲಿ ಒಂದು ಸಂಖ್ಯೆ ಬರತ್ತೆ: ಗಂಟೆಗೆ 3.6 ರಾಂಟ್‌ಜೆನ್. ಸ್ಥಾವರದವರು ಅದನ್ನೇ ಮೇಲಿನವರಿಗೆ ವರದಿ ಮಾಡ್ತಾರೆ. ಆದರೆ ಅವರ ಕೈಲಿದ್ದ ಮೀಟರ್ ತೋರಿಸಬಹುದಾದ ಗರಿಷ್ಠವೇ 3.6. ಮುಳ್ಳು ಕೊನೆಗೆ ಹೋಗಿ ನಿಂತಿತ್ತು, ಅಷ್ಟೆ. ನಿಜವಾದ ವಿಕಿರಣ ಅದರ ಸಾವಿರಾರು ಪಟ್ಟು. ಲ್ಯಾಬಿನಲ್ಲಿ ಮಲ್ಟಿಮೀಟರಿನ ರೇಂಜ್ ಬದಲಿಸದೆ ರೀಡಿಂಗ್ ಬರೆದು ಸೈನ್ ಹಾಕಿಸಿಕೊಂಡವರು ನಮ್ಮಲ್ಲಿ ಎಷ್ಟು ಜನ ಇದ್ದೀವಿ? ಲೂಸಿ ಚಾಕೊಲೇಟನ್ನು ಟೋಪಿಯಲ್ಲಿ ಬಚ್ಚಿಟ್ಟಾಗ ನಕ್ಕ ನಾವೇ ಇಲ್ಲಿ ಉಸಿರು ಹಿಡಿದು ಕೂತಿದ್ವಿ. ಅಳತೆ ತಪ್ಪಿರಬಹುದು, ಆದರೆ ಕೇಳುವವರಿಗೆ ಹಿತವಾಗಿದೆ. ಆಗ ಯಾರೂ ಎರಡನೇ ಸಲ ಅಳೆಯಲ್ಲ. ಹಾಸ್ಯ, ದುರಂತ ಎರಡೂ ಒಂದೇ ತಪ್ಪಿನಿಂದ ಹುಟ್ಟಬಹುದು ಅಂತ ನಮಗೆ ಗೊತ್ತಾಗಿದ್ದು ಇವೆರಡನ್ನೂ ಒಂದೇ ತಿಂಗಳಲ್ಲಿ ನೋಡಿದ್ದರಿಂದ.

ಐದನೇ ಕಂತಿನಲ್ಲಿ ವಿಜ್ಞಾನಿ ಲೆಗಾಸೊವ್ ಕೆಂಪು ಮತ್ತು ನೀಲಿ ಕಾರ್ಡುಗಳನ್ನು ತೂಗುಹಾಕುತ್ತಾ ರಿಯಾಕ್ಟರ್ ಹೇಗೆ ಕೆಲಸ ಮಾಡತ್ತೆ ಅಂತ ನ್ಯಾಯಾಲಯಕ್ಕೆ ಹೇಳ್ತಾರೆ. ಯಾವುದು ಕ್ರಿಯೆ ಹೆಚ್ಚಿಸತ್ತೆ, ಯಾವುದು ತಗ್ಗಿಸತ್ತೆ ಅನ್ನೋ ಲೆಕ್ಕ. ಇಷ್ಟು ಚೆನ್ನಾಗಿ ಪಾಠ ಮಾಡೋದನ್ನ ನಾವು ಕಡಿಮೆ ನೋಡಿದ್ದೀವಿ. ಆದರೆ ಒಂದು ಎಚ್ಚರಿಕೆ. ನಿಜದಲ್ಲಿ ಲೆಗಾಸೊವ್ ಆ ವಿಚಾರಣೆಯಲ್ಲಿ ಇರಲೇ ಇಲ್ಲ. ಉಲಾನಾ ಖೊಮ್ಯುಕ್ ಅನ್ನೋ ವಿಜ್ಞಾನಿ ಹಲವರನ್ನು ಸೇರಿಸಿ ಮಾಡಿದ ಕಲ್ಪಿತ ಪಾತ್ರ. ಇದು ನಾಟಕ. ಅಸೈನ್‌ಮೆಂಟಿಗೆ ಆಧಾರ ಮಾಡಿಕೊಳ್ಳಬೇಡಿ.

4. ಮಾಲ್ಗುಡಿ: ನಮ್ಮ ಮುಖಗಳು

ಡಬ್ಬದ ತಳದಲ್ಲಿ ‘ಮಾಲ್ಗುಡಿ ಡೇಸ್’ ಇತ್ತು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ನಿರ್ದೇಶಿಸಿ 1986ರಲ್ಲಿ ದೂರದರ್ಶನಕ್ಕೆ ತಂದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಸಂಗೀತ ಎಲ್. ವೈದ್ಯನಾಥನ್, ರೇಖಾಚಿತ್ರ ಆರ್.ಕೆ. ಲಕ್ಷ್ಮಣ್. ಮಾತು ಹಿಂದಿ, ಕೆಲವು ಕಂತು ಇಂಗ್ಲಿಷ್. ಆದರೆ ಮುಖ, ಹೆಂಚಿನ ಮನೆ, ಮಳೆಗೆ ಪಾಚಿ ಕಟ್ಟಿದ ಗೋಡೆ ಎಲ್ಲ ನಮ್ಮವು. ಹೆಚ್ಚಿನ ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ. ಸ್ವಾಮಿಯ ಮನೆಯಾಗಿ ಕಾಣುವ ದೊಡ್ಡಮನೆ ಈಗಲೂ ಅಲ್ಲಿದೆ.

‘ಎ ಹಾರ್ಸ್ ಅಂಡ್ ಟು ಗೋಟ್ಸ್’ ಕಥೆ ನೋಡಿ. ಮುದುಕ ಮುನಿ ಬಡವ. ಅವನಿಗಿರುವುದು ಎರಡು ಮೇಕೆ. ಊರಾಚೆಯ ಮಣ್ಣಿನ ಕುದುರೆಯ ಹತ್ತಿರ ಕೂತಿರುವಾಗ ಒಬ್ಬ ಅಮೆರಿಕನ್ ಬರ್ತಾನೆ. ಇವನಿಗೆ ಅವನ ಇಂಗ್ಲಿಷ್ ಬರಲ್ಲ, ಅವನಿಗೆ ಇವನ ಮಾತು ಬರಲ್ಲ. ಇಬ್ಬರೂ ಸೊಗಸಾಗಿ ಮಾತಾಡ್ತಾರೆ! ಅವನು ಕುದುರೆಗೆ ಅಂತ ನೂರು ರೂಪಾಯಿ ಕೊಡ್ತಾನೆ. ಮುನಿ ಮೇಕೆಗೆ ಅಂದುಕೊಂಡು ತಗೊಂಡು ಮನೆಗೆ ಹೋಗ್ತಾನೆ. ಸ್ವಲ್ಪ ಹೊತ್ತಿಗೆ ಮೇಕೆಗಳೂ ಹಿಂದೆಯೇ ಬರ್ತಾವೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಊರಿಗೆ ಹೋದಾಗ ದೊಡ್ಡವರು ಆಡಿದ್ದಕ್ಕೆಲ್ಲ ‘ಹೂಂ, ಹೂಂ’ ಅನ್ನೋ ನಮಗೆ ಇದರಲ್ಲಿ ನಗು ಬಂದರೂ ಪೂರ್ತಿ ನಗೋಕೆ ಆಗಲಿಲ್ಲ. ನಾವು ಮುನಿಯೋ, ಆ ಅಮೆರಿಕನ್ನೋ?

ಇನ್ನೊಂದು ಕಾರಣಕ್ಕೂ ಈ ಡಿಸ್ಕ್ ನಮಗೆ ಮುಖ್ಯ. ನಮ್ಮಜ್ಜಿ ಮನೆ ಇರೋದು ತೀರ್ಥಹಳ್ಳಿ ಕಡೆ. ಅಜ್ಜ ಆಗುಂಬೆಗೆ ಏನೋ ಕೆಲಸಕ್ಕೆ ಹೋದವರು ಶೂಟಿಂಗ್ ನೋಡೋಕೆ ನಿಂತಿದ್ದರಂತೆ. ಪೇಟೆಯ ಒಂದು ದೃಶ್ಯದಲ್ಲಿ ಜನರ ನಡುವೆ ತಾನೂ ಬಂದಿದ್ದೀನಿ ಅಂತ ಕೊನೆಯವರೆಗೂ ಹೇಳ್ತಿದ್ದರಂತೆ. ಮರುಪ್ರಸಾರವಾದಾಗ ಮಾವ ಅದನ್ನು ವೀಸೀಆರಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ಆಮೇಲೆ 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಭಾರತ-ಪಾಕಿಸ್ತಾನ ವಿಶ್ವಕಪ್ ಕ್ವಾರ್ಟರ್ ಫೈನಲ್ ಬಂತು. ಖಾಲಿ ಕ್ಯಾಸೆಟ್ ಇರಲಿಲ್ಲ. ವೆಂಕಟೇಶ ಪ್ರಸಾದ್ ಆಮಿರ್ ಸೊಹೈಲ್‌ನ ಬೌಲ್ಡ್ ಮಾಡಿದ್ದು ಅಜ್ಜನ ಮೇಲೆಯೇ ರೆಕಾರ್ಡ್ ಆಯ್ತು. ಅಜ್ಜ ಏನೂ ಅನ್ನಲಿಲ್ಲವಂತೆ, ಅವರೂ ಮ್ಯಾಚ್ ನೋಡ್ತಾ ಕೂತಿದ್ದರಂತೆ. ಬಿಬಿಸಿಗೆ ಬಯ್ಯೋಕೆ ಹೊರಟ ನಮಗೆ ಇದು ನೆನಪಾಗಿ ಸುಮ್ಮನಾದ್ವಿ. ಆ ಹೊತ್ತಿಗೆ ಯಾವುದು ಮುಖ್ಯ ಅನ್ನಿಸತ್ತೋ ಅದನ್ನೇ ಎಲ್ಲರೂ ಇಟ್ಟುಕೊಳ್ಳೋದು. ಅಜ್ಜ ತೀರಿಕೊಂಡಿದ್ದು ನಾವು ಐದನೇ ಕ್ಲಾಸಿನಲ್ಲಿದ್ದಾಗ.

5. ಹೇಗೆ ನೋಡಬೇಕು

ಈಗ ಸ್ವಲ್ಪ ತಾಂತ್ರಿಕ ವಿಷಯ. ನಾವು ಕಷ್ಟಪಟ್ಟು ಕಲಿತದ್ದು, ನಿಮಗೆ ಸುಲಭವಾಗಲಿ.

ರೀಜನ್ ಕೋಡ್: ಡೀವೀಡಿಗಳಿಗೆ ಪ್ರದೇಶದ ಸಂಖ್ಯೆ ಇರತ್ತೆ. ಅಮೆರಿಕ 1, ಬ್ರಿಟನ್ 2, ಭಾರತ 5. ಕಂಪ್ಯೂಟರಿನ ಡ್ರೈವಿನಲ್ಲಿ ಇದನ್ನು ಸಾಮಾನ್ಯವಾಗಿ ಐದೇ ಸಲ ಬದಲಿಸಬಹುದು. ಐದನೆಯದಕ್ಕೆ ಲಾಕ್ ಆಗತ್ತೆ. ಕೇಳಿದ ತಕ್ಷಣ ‘ಓಕೆ’ ಒತ್ತಬೇಡಿ.

ವೇಗ: ಫಿಲ್ಮ್ ಸೆಕೆಂಡಿಗೆ 24 ಚಿತ್ರ, ನಮ್ಮ ಪಾಲ್ ಪದ್ಧತಿ 25. ಹಲವು ಪಾಲ್ ಡಿಸ್ಕುಗಳಲ್ಲಿ ಫಿಲ್ಮನ್ನು ಸುಮ್ಮನೆ ಸ್ವಲ್ಪ ಜೋರಾಗಿ ಓಡಿಸಿರ್ತಾರೆ. 25 ನಿಮಿಷದ ಕಂತು 24 ನಿಮಿಷಕ್ಕೆ ಮುಗಿಯತ್ತೆ. ಧ್ವನಿಯನ್ನು ತಿದ್ದದಿದ್ದರೆ ಸ್ವರವೂ ತುಸು ಏರತ್ತೆ.

ಹಾಡು: ಡಿಸ್ಕಿನಲ್ಲಿ ಇರೋದೆಲ್ಲ ಮೂಲವೇ ಅಂತಲೂ ತಿಳಿಯಬೇಡಿ. ಅಮೆರಿಕದ ‘ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ’ ರೇಡಿಯೋ ಕೇಂದ್ರದ ಬಗ್ಗೆ ಬಂದ ಹಾಸ್ಯ ಧಾರಾವಾಹಿ. ಹಕ್ಕಿನ ಖರ್ಚಿನಿಂದಾಗಿ 2007ರ ಡೀವೀಡಿಯಲ್ಲಿ ಎಷ್ಟೋ ಹಾಡು ಬದಲಿಸಿದ್ದರು. 2014ರ ಡೀವೀಡಿಯಲ್ಲಿ ಹೆಚ್ಚಿನವು ವಾಪಸ್ ಬಂದವು. ಕೊಳ್ಳುವ ಮುಂಚೆ ಯಾವ ಆವೃತ್ತಿ ಅಂತ ವಿಚಾರಿಸಿ.

ಇಂಟರ್‌ಲೇಸ್: ಹಳೇ ಟೀವಿ ಒಂದು ಚಿತ್ರವನ್ನು ಎರಡು ಭಾಗ ಮಾಡಿ ಕಳಿಸುತ್ತಿತ್ತು. ಮೊದಲು ಬೆಸ ಸಾಲುಗಳು, ಐವತ್ತನೇ ಒಂದು ಸೆಕೆಂಡಿನ ನಂತರ ಸಮ ಸಾಲುಗಳು. ಕಂಪ್ಯೂಟರಿನಲ್ಲಿ ನಿಲ್ಲಿಸಿ ನೋಡಿದರೆ, ಆ ನಡುವೆ ಅಲುಗಾಡಿದ್ದೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಸೀಳಿರತ್ತೆ. ವಿಎಲ್‌ಸಿ ಪ್ಲೇಯರಿನ ವಿಡಿಯೋ ಮೆನುವಿನಲ್ಲಿ ಡೀಇಂಟರ್‌ಲೇಸ್ ಆನ್ ಮಾಡಿ. ‘ಇ’ ಕೀ ಒತ್ತಿದರೆ ಒಂದೊಂದೇ ಚಿತ್ರವಾಗಿ ಮುಂದೆ ಹೋಗಬಹುದು.

ನಾವು ಇದನ್ನು ಕಲಿತದ್ದು ಅಜ್ಜನನ್ನು ಹುಡುಕಲು. ಪೇಟೆಯ ದೃಶ್ಯಗಳನ್ನೆಲ್ಲ ಒಂದೊಂದೇ ಚಿತ್ರವಾಗಿ ನೋಡಿದ್ವಿ. ಒಂದು ಕಡೆ ಅಂಗಡಿಯ ಪಕ್ಕ, ಛತ್ರಿ ಹಿಡಿದ ಉದ್ದನೆಯ ಮನುಷ್ಯ ಐವತ್ತು ಚಿತ್ರದಷ್ಟು ಹೊತ್ತು ಇದ್ದಾನೆ. ಅಂದರೆ ಎರಡು ಸೆಕೆಂಡ್. ನಡೀತಾ ಇದ್ದದ್ದರಿಂದ ಮುಖ ಸೀಳಿತ್ತು. ಡೀಇಂಟರ್‌ಲೇಸ್ ಮಾಡಿದ ಮೇಲೆ ಸ್ವಲ್ಪ ಕಂಡಿತು. ದಸರಾ ರಜೆಗೆ ಲ್ಯಾಪ್‌ಟಾಪು, ಡ್ರೈವು ಎಲ್ಲ ತಗೊಂಡು ಅಜ್ಜಿ ಮನೆಗೆ ಹೋಗಿ ತೋರಿಸಿದ್ವಿ. ಅಜ್ಜಿ ಕನ್ನಡಕ ಒರೆಸಿಕೊಂಡು ನೋಡಿದರು.

‘ಇವ್ರಲ್ಲ ಮಗಾ. ನಿಮ್ಮಜ್ಜ ಛತ್ರಿ ಹಿಡಿದವರೇ ಅಲ್ಲ, ಹೋದಲ್ಲೆಲ್ಲ ಮರೆತು ಬರೋರು’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಇನ್ನೊಂದ್ಸಲ ಹಾಕು’ ಅಂದರು. ಆ ಸಂಜೆ ಆರೇಳು ಸಲ ಹಾಕಿದ್ವಿ.

6. ನೀವು ಮಾಡಬೇಕಾದ್ದು

ಮಾವನ ಕ್ಯಾಸೆಟ್ ಹೋದರೂ ಮಾಲ್ಗುಡಿ ನಮಗೆ ಮತ್ತೆ ಸಿಕ್ಕಿತು. ಯಾಕೆಂದರೆ ಮಾಡಿದವರ ಹತ್ತಿರ ಮೂಲ ಉಳಿದಿತ್ತು, ಅದರಿಂದ ಡಿಸ್ಕ್ ಬಂತು. ಆದರೆ ನಿಮ್ಮ ಮನೆಯ ಅಟ್ಟದಲ್ಲಿರುವ ಕ್ಯಾಸೆಟ್ಟಿನಲ್ಲಿ ಊರಿನ ಯಕ್ಷಗಾನ, ಅತ್ತೆಯ ಮದುವೆ, ಸ್ಕೂಲ್ ಡೇ ನಾಟಕ ಇದ್ದರೆ ಅದಕ್ಕೆ ಬೇರೆಲ್ಲೂ ಮೂಲ ಇಲ್ಲ. ಅದೇ ಮೂಲ. ಮಲೆನಾಡು, ಕರಾವಳಿಯ ತೇವಕ್ಕೆ ಟೇಪಿಗೆ ಬೂಷ್ಟು ಬೇಗ ಹಿಡಿಯತ್ತೆ.

ಮುಂದಿನ ರಜೆಯಲ್ಲಿ ಇಷ್ಟು ಮಾಡಿ. ಮೊದಲು ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಸಣ್ಣ ಪ್ಲಾಸ್ಟಿಕ್ ತುಂಡನ್ನು ಮುರಿದು ಹಾಕಿ. ಅದು ಇಲ್ಲದಿದ್ದರೆ ವೀಸೀಆರ್ ರೆಕಾರ್ಡ್ ಮಾಡಲ್ಲ. ಮಾವ ಇದೊಂದು ಮಾಡಿದ್ದರೆ ಸಾಕಿತ್ತು. ಬಿಳಿ ಬೂಷ್ಟು ಕಂಡರೆ ಹಾಗೇ ಪ್ಲೇಯರಿಗೆ ಹಾಕಬೇಡಿ, ಮೊದಲು ಶುಚಿ ಮಾಡಿಸಿ. ಕೆಲಸ ಮಾಡುವ ವೀಸೀಆರ್ ಒಂದನ್ನು ಹುಡುಕಿ. ಹಳದಿ ತಂತಿ ಚಿತ್ರಕ್ಕೆ, ಕೆಂಪು ಬಿಳಿ ಧ್ವನಿಗೆ. ಯುಎಸ್‌ಬಿ ಕ್ಯಾಪ್ಚರ್ ಸಾಧನದ ಮೂಲಕ ಲ್ಯಾಪ್‌ಟಾಪಿಗೆ ತುಂಬಿಸಿ. ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು, ಬೇರೆ ದಾರಿ ಇಲ್ಲ. ಆ ಹೊತ್ತು ಮನೆಯ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾರು ಯಾರು ಅಂತ ಅವರು ಹೇಳಿದ್ದನ್ನು ಬರೆದಿಡಿ. ಕೊನೆಗೆ ಎರಡು ಬೇರೆ ಬೇರೆ ಕಡೆ ಪ್ರತಿ ಇಡಿ.

ಡ್ರೈವು, ಡಬ್ಬ ಎರಡೂ ನಮ್ಮ ರೂಮಿನಲ್ಲೇ ಇವೆ. ಶನಿವಾರ ರಾತ್ರಿ ಊಟವಾದ ಮೇಲೆ ಯಾರು ಬೇಕಾದರೂ ಬರಬಹುದು. ಮುಂದಿನ ವಾರ ಲೂಸಿ. ಚಾಕೊಲೇಟ್ ನೀವೇ ತನ್ನಿ.